ಕದ್ದ ಜೀವಗಳ ದೇವರು: ಕ್ರಿನ್ ಲೋಕದ ಮಂತ್ರವಾದಿಯನ್ನು ಕುರಿತು ಕೆಲವು ವಿಚಾರಗಳು

೧

ಮನುಷ್ಯ ದೇವರಾಗಬಹುದೇ ಎಂಬ ಪ್ರಶ್ನೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹೊಸದಲ್ಲ. ನಮ್ಮ ಮೊದಲ ಮಹಾಕವಿಯ ಮೊದಲ ಕಾವ್ಯವೇ ಜೀವವೊಂದು ಜನ್ಮಜನ್ಮಾಂತರಗಳನ್ನು ದಾಟಿ ತೀರ್ಥಂಕರ ಪದವಿಗೆ ಏರಿದ ಕಥೆ. ಆದರೆ ಇದೇ ಪ್ರಶ್ನೆಯನ್ನು ಇಂದಿನ ತರುಣ ಓದುಗರ ಮುಂದೆ ಮತ್ತೆ ಮತ್ತೆ ತರುತ್ತಿರುವುದು ಕಾವ್ಯವೂ ಅಲ್ಲ, ಧರ್ಮಗ್ರಂಥವೂ ಅಲ್ಲ. ಫ್ಯಾಂಟಸಿ ಎಂದು ಕರೆಯಲಾಗುವ ಕಲ್ಪಿತ ಲೋಕಗಳ ಕಥನಗಳು. ನಮ್ಮ ವಿಭಾಗಗಳಲ್ಲಿ ಇವುಗಳ ಬಗ್ಗೆ ಗಂಭೀರವಾದ ಚರ್ಚೆ ನಡೆದದ್ದು ಕಡಿಮೆ. ಸಂಶೋಧನಾರ್ಥಿಗಳ ವಿಚಾರಗೋಷ್ಠಿಯೊಂದರಲ್ಲಿ ನಾನು ಈ ವಿಷಯವನ್ನು ಪ್ರಸ್ತಾಪಿಸಿದಾಗ ಹಿರಿಯರೊಬ್ಬರು, ‘ಮಕ್ಕಳು ಓದಿ ಬಿಸಾಡುವ ಪುಸ್ತಕಗಳಲ್ಲಿ ನಿಮಗೆ ಯಾವ ಪುರಾಣ ಕಾಣಿಸಿತು?’ ಎಂದು ನಗುತ್ತಲೇ ಕೇಳಿದ್ದರು. ಆ ಪ್ರಶ್ನೆಯಲ್ಲಿ ವ್ಯಂಗ್ಯವಿತ್ತಾದರೂ ಅದು ಅನುಚಿತವಾದ ಪ್ರಶ್ನೆಯೇನಲ್ಲ. ಅದಕ್ಕೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಬರಹವನ್ನು ಆ ಉತ್ತರದ ಪ್ರಯತ್ನವೆಂದು ಭಾವಿಸಬಹುದು.

ನಾನು ಆರಿಸಿಕೊಂಡಿರುವುದು ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಎಂಬ ಇಬ್ಬರು ಅಮೆರಿಕನ್ ಲೇಖಕರು ಜೊತೆಯಾಗಿ ಬರೆದ ‘ಡ್ರ್ಯಾಗನ್‌ಲ್ಯಾನ್ಸ್’ ಕಾದಂಬರಿಗಳನ್ನು. ಇವುಗಳ ಹುಟ್ಟು ಸಾಹಿತ್ಯದ ಸಾಂಪ್ರದಾಯಿಕ ಆವರಣದಲ್ಲಿ ಆದದ್ದಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಪಾತ್ರಗಳನ್ನು ವಹಿಸಿಕೊಂಡು ಆಡುವ ಆಟವನ್ನು 1974ರಿಂದ ಪ್ರಕಟಿಸುತ್ತಿದ್ದ ಟಿ.ಎಸ್.ಆರ್. ಸಂಸ್ಥೆ, ಆಟದ ಹೊಸ ಸರಣಿಯೊಂದರ ಜೊತೆಜೊತೆಗೇ ಈ ಕಾದಂಬರಿಗಳನ್ನೂ ಹೊರತಂದಿತು. 1984-85ರಲ್ಲಿ ಬಂದ ‘ಕ್ರಾನಿಕಲ್ಸ್’ ತ್ರಿವಳಿ ಕ್ರಿನ್ ಎಂಬ ಲೋಕದ ಮಹಾಯುದ್ಧವನ್ನು ಹೇಳಿದರೆ, 1986ರಲ್ಲಿ ಬಂದ ‘ಲೆಜೆಂಡ್ಸ್’ ತ್ರಿವಳಿ, ಎಂದರೆ ‘ಟೈಮ್ ಆಫ್ ದ ಟ್ವಿನ್ಸ್’, ‘ವಾರ್ ಆಫ್ ದ ಟ್ವಿನ್ಸ್’ ಮತ್ತು ‘ಟೆಸ್ಟ್ ಆಫ್ ದ ಟ್ವಿನ್ಸ್’, ಒಬ್ಬ ಮಂತ್ರವಾದಿಯ ದೈವತ್ವದ ಹಂಬಲವನ್ನೇ ಕೇಂದ್ರವಾಗಿಸಿಕೊಂಡಿದೆ. ಆಟದ ಮೇಜಿನಲ್ಲಿ ಹುಟ್ಟಿತೆಂಬ ಕಾರಣಕ್ಕೆ ಕೃತಿಯೊಂದನ್ನು ತಳ್ಳಿಹಾಕುವುದಾದರೆ, ಬಯಲಿನ ಆಟವಾಗಿ ಹುಟ್ಟಿದ ನಮ್ಮ ಯಕ್ಷಗಾನ ಪ್ರಸಂಗಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಏಳುತ್ತದೆ. ಹುಟ್ಟಿದ ಜಾಗಕ್ಕಿಂತ ಕೃತಿ ಏನನ್ನು ಆಲೋಚಿಸುತ್ತದೆ ಎಂಬುದು ಮುಖ್ಯ.

೨

ಕ್ರಿನ್ ಲೋಕದ ಐತಿಹ್ಯದಲ್ಲಿ ಫಿಸ್ಟಾಂಡಾಂಟಿಲಸ್ ಎಂಬ ಪ್ರಾಚೀನ ಮಂತ್ರವಾದಿಯೊಬ್ಬನಿದ್ದಾನೆ. ಅವನು ಮನುಷ್ಯಮಾತ್ರದವನ ಆಯುಸ್ಸನ್ನು ಮೀರಿ ಬದುಕಿದವನು. ಅವನ ದೀರ್ಘಾಯುಷ್ಯದ ಗುಟ್ಟು ತಪಸ್ಸೂ ಅಲ್ಲ, ವರವೂ ಅಲ್ಲ. ಅವನ ಎದೆಯ ಮೇಲೆ ತೂಗುವ ರಕ್ತಶಿಲೆಯಲ್ಲಿ ಆ ಗುಟ್ಟಿದೆ. ತನ್ನ ಬಳಿ ವಿದ್ಯೆ ಕಲಿಯಲು ಬಂದ ತರುಣ ಶಿಷ್ಯರಲ್ಲಿ ಅತ್ಯಂತ ಸಮರ್ಥನನ್ನು ಆರಿಸಿ, ಆ ಕಲ್ಲನ್ನು ಅವನ ಎದೆಗೆ ಒತ್ತಿ, ಅವನ ಜೀವವನ್ನು ಹೀರಿಕೊಂಡು ತಾನು ಮುಂದುವರಿಯುತ್ತಾನೆ. ಶಿಷ್ಯನ ಪ್ರತಿಭೆ ಹೆಚ್ಚಾದಷ್ಟೂ ಗುರುವಿನ ಆಹಾರ ಪುಷ್ಟಿಯಾಗುತ್ತದೆ.

ಕನ್ನಡ ಓದುಗನಿಗೆ ಇಲ್ಲಿ ಮೊದಲು ನೆನಪಾಗುವುದು ಪರಕಾಯ ಪ್ರವೇಶದ ಕಥೆಗಳು. ಆದರೆ ಸಾಮ್ಯಕ್ಕಿಂತ ವ್ಯತ್ಯಾಸವೇ ಹೆಚ್ಚು ಬೆಳಕು ಚೆಲ್ಲುವಂಥದ್ದು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಐತಿಹ್ಯದಲ್ಲಿ ರಾಜ ಆಗಲೇ ಸತ್ತಿರುತ್ತಾನೆ. ಹೊಕ್ಕವರು ಅವಧಿ ಮುಗಿದ ಮೇಲೆ ತಮ್ಮ ದೇಹಕ್ಕೆ ಮರಳುತ್ತಾರೆ. ಅದು ಬಾಡಿಗೆಯ ಮನೆ. ನಮ್ಮ ಜನಪದ ಕಥೆಗಳ ಮಾಂತ್ರಿಕ ಏಳು ಸಮುದ್ರದಾಚೆಯ ಗಿಳಿಯಲ್ಲಿ ತನ್ನ ಜೀವವನ್ನು ಬಚ್ಚಿಡುತ್ತಾನೆ. ಅವನ ಚಿಂತೆ ತನ್ನ ಜೀವವನ್ನು ಕಾಯುವುದು. ಪಾಶ್ಚಾತ್ಯ ಸಾಹಿತ್ಯದ ಡಾಕ್ಟರ್ ಫಾಸ್ಟಸ್, ಮಾರ್ಲೋನ ನಾಟಕದಲ್ಲಿ, 24 ವರ್ಷಗಳ ಸುಖಕ್ಕಾಗಿ ತನ್ನ ಆತ್ಮವನ್ನೇ ಮಾರಿಕೊಳ್ಳುತ್ತಾನೆ. ಇವರೆಲ್ಲರೂ ಪಣಕ್ಕೆ ಒಡ್ಡುವುದು ಸ್ವಂತದ್ದನ್ನು. ಫಿಸ್ಟಾಂಡಾಂಟಿಲಸ್ ಮಾತ್ರ ತನ್ನದೇನನ್ನೂ ಪಣಕ್ಕಿಡುವುದಿಲ್ಲ. ಫಾಸ್ಟಸ್‌ನದು ವ್ಯಾಪಾರವಾದರೆ ಇವನದು ಕಳವು. ಈ ವ್ಯತ್ಯಾಸವನ್ನು ಗುರುತಿಸದೆ ‘ಇದು ಫಾಸ್ಟ್ ಕಥೆಯ ಮತ್ತೊಂದು ರೂಪ’ ಎಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಅದರಿಂದ ಕೃತಿಯ ಮುಖ್ಯ ಪ್ರಶ್ನೆಯೇ ಕೈತಪ್ಪಿ ಹೋಗುತ್ತದೆ. ಬೇರೆಯವರ ಜೀವಗಳನ್ನು ಕೂಡಿಹಾಕಿ ಕಟ್ಟಿದ ಶಕ್ತಿ ದೈವತ್ವವಾಗಬಲ್ಲುದೇ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಕೃತಿಕಾರರು ಫಿಸ್ಟಾಂಡಾಂಟಿಲಸ್‌ನನ್ನು ಬಿಟ್ಟು ಅವನ ಬಲಿಪಶುವನ್ನು ನಾಯಕನನ್ನಾಗಿ ಮಾಡಿಕೊಳ್ಳುತ್ತಾರೆ. ಅವನೇ ರೇಸ್ಟ್ಲಿನ್ ಮಜೇರ್. ಹುಟ್ಟಿನಿಂದ ರೋಗಿಷ್ಠ, ಅವಳಿ ಸೋದರ ಕ್ಯಾರಮನ್ ಗಟ್ಟಿಮುಟ್ಟಾದ ಯೋಧ, ಎಲ್ಲರಿಗೂ ಬೇಕಾದವನು. ವಿದ್ಯೆಯ ಕಠೋರ ಪರೀಕ್ಷೆಯನ್ನು ಎದುರಿಸುವಾಗ ರೇಸ್ಟ್ಲಿನ್ ಬದುಕುಳಿಯಲು ಫಿಸ್ಟಾಂಡಾಂಟಿಲಸ್‌ನ ಪ್ರೇತದೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅದೇ ಪರೀಕ್ಷೆಯಲ್ಲಿ ಅಸೂಯೆಯಿಂದ ತನ್ನ ಸೋದರನ ಮಾಯಾರೂಪವನ್ನು ಕೊಲ್ಲುತ್ತಾನೆ. ಆ ದೃಶ್ಯವನ್ನು ನಿಜವಾದ ಕ್ಯಾರಮನ್ ಕಣ್ಣಾರೆ ನೋಡುತ್ತಾನೆ. ಪರೀಕ್ಷೆ ಮುಗಿಸಿ ಹೊರಬಂದ ರೇಸ್ಟ್ಲಿನ್‌ನ ಚರ್ಮ ಬಂಗಾರದ ಬಣ್ಣಕ್ಕೆ ತಿರುಗಿದೆ. ಕಣ್ಣಪಾಪೆಗಳು ಮರಳುಗಡಿಯಾರದ ಆಕಾರ ತಳೆದಿವೆ. ಆ ಕಣ್ಣುಗಳಿಗೆ ಎದುರಿಗಿರುವ ಪ್ರತಿಯೊಂದೂ ಮುಪ್ಪಾಗುತ್ತಿರುವಂತೆ, ಸಾಯುತ್ತಿರುವಂತೆ ಕಾಣುತ್ತದೆ. ಸುಂದರಿಯ ಮುಖದಲ್ಲಿ ಅವನಿಗೆ ಕಾಣುವುದು ಸುಕ್ಕು. ಹಸಿರು ಎಲೆಯಲ್ಲಿ ಕಾಣುವುದು ತರಗು.

೩

ಪಂಪನ ‘ಆದಿಪುರಾಣ’ವನ್ನು ಪಾಠ ಮಾಡಿದವರಿಗೆ, ಓದಿದವರಿಗೆ ಇಲ್ಲಿ ನೀಲಾಂಜನೆಯ ಪ್ರಸಂಗ ನೆನಪಾಗದೆ ಇರದು. ವೃಷಭನಾಥನ ಸಭೆಯಲ್ಲಿ ಕುಣಿಯುತ್ತಿದ್ದ ದೇವನರ್ತಕಿಯ ಆಯುಸ್ಸು ಕುಣಿಯುತ್ತಿರುವಾಗಲೇ ತೀರುತ್ತದೆ. ಇಂದ್ರ ಆ ಕ್ಷಣವೇ ಅವಳಂಥವಳೇ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ವೃಷಭನಾಥನಿಗೆ ಮಾತ್ರ ಗೊತ್ತಾಗುತ್ತದೆ. ಎಲ್ಲರೂ ನೃತ್ಯವನ್ನು ನೋಡುತ್ತಿರುವಾಗ ಒಬ್ಬನ ಕಣ್ಣು ಮಾತ್ರ ಸಾವನ್ನು ನೋಡುತ್ತದೆ. ರೇಸ್ಟ್ಲಿನ್‌ಗೆ ಸದಾಕಾಲ ಇರುವುದು ಇದೇ ಕಣ್ಣು. ಅವನ ಗುರುಹಿರಿಯನಾದ ಪಾರ್-ಸೇಲಿಯನ್ ಆ ದೃಷ್ಟಿಯನ್ನು ಕೊಟ್ಟದ್ದೂ ನಶ್ವರತೆಯನ್ನು ಕಂಡು ಅವನಲ್ಲಿ ಕರುಣೆ ಮೂಡಲಿ ಎಂಬ ಉದ್ದೇಶದಿಂದ.

ಈ ಎರಡು ಪಠ್ಯಗಳ ನಡುವೆ ಯಾವುದೇ ಪ್ರಭಾವವಿದೆಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಹಾಸ್ಯಾಸ್ಪದವಾದೀತು. ಒಂದೇ ದರ್ಶನ ಎರಡು ವಿರುದ್ಧ ದಾರಿಗಳನ್ನು ಹೇಗೆ ತೆರೆಯುತ್ತದೆ ಎಂಬುದಷ್ಟೇ ನನ್ನ ಆಸಕ್ತಿ. ನಶ್ವರತೆಯನ್ನು ಕಂಡ ವೃಷಭನಾಥ ತನ್ನಲ್ಲಿರುವುದನ್ನು ಕಳೆದುಕೊಳ್ಳುತ್ತಾ ಹೋಗುತ್ತಾನೆ. ರಾಜ್ಯ, ಒಡವೆ, ಉಡುಗೆ, ಕೊನೆಗೆ ಕರ್ಮವೂ ಕಳಚಿಬೀಳುತ್ತದೆ, ಉಳಿದದ್ದೇ ದೈವತ್ವ. ರೇಸ್ಟ್ಲಿನ್ ಅದೇ ನಶ್ವರತೆಯನ್ನು ಕಂಡು ಕೂಡಿಸಿಕೊಳ್ಳುತ್ತಾ ಹೋಗುತ್ತಾನೆ. ಎಲ್ಲವೂ ಸಾಯುವುದಾದರೆ ಸಾಯದಿರುವ ಒಬ್ಬ ತಾನಾಗಬೇಕೆಂಬುದು ಅವನ ತರ್ಕ. ಜೈನ ಕಲ್ಪನೆಯಲ್ಲಿ ಜೀವವೊಂದು ದೇವರಾಗುವುದು ವ್ಯವಕಲನದಿಂದ. ಕ್ರಿನ್ ಲೋಕದ ಮಂತ್ರವಾದಿ ದೇವರಾಗಲು ಹೊರಡುವುದು ಸಂಕಲನದಿಂದ.

ಅವನು ಮಾಡುವ ಸಂಕಲನದ ಮೊದಲ ಹೆಜ್ಜೆಯೇ ಗುರುವಿಗೆ ತಿರುಮಂತ್ರ. ಕಾಲದಲ್ಲಿ ಹಿಂದಕ್ಕೆ ಸಾಗಿ, ಇಸ್ತಾರ್ ನಗರದಲ್ಲಿ ಇನ್ನೂ ಬದುಕಿದ್ದ ಫಿಸ್ಟಾಂಡಾಂಟಿಲಸ್‌ನ ಬಳಿಗೆ ಶಿಷ್ಯನಾಗಿ ಸೇರುತ್ತಾನೆ. ರಕ್ತಶಿಲೆ ತನ್ನ ಎದೆಗೆ ತಾಕುವ ಘಳಿಗೆಗಾಗಿ ಕಾದು, ಗುರುವಿನ ಜೀವವನ್ನೇ ಹೀರುತ್ತಾನೆ. ಓದುಗ ಇಲ್ಲಿ ಒಂದು ಕ್ಷಣ ಸಂತೋಷಪಡುತ್ತಾನೆ. ಎಷ್ಟೋ ಶಿಷ್ಯರನ್ನು ನುಂಗಿದವನಿಗೆ ತಕ್ಕ ಶಾಸ್ತಿಯಾಯಿತು ಎಂದುಕೊಳ್ಳುತ್ತಾನೆ. ಆದರೆ ಕೃತಿ ಈ ಸಂತೋಷವನ್ನು ಉಳಿಯಗೊಡುವುದಿಲ್ಲ. ಗೆದ್ದ ರೇಸ್ಟ್ಲಿನ್ ರಕ್ತಶಿಲೆಯನ್ನು ಒಡೆದುಹಾಕುವುದಿಲ್ಲ, ತನ್ನದಾಗಿಸಿಕೊಳ್ಳುತ್ತಾನೆ. ಗುರುವಿನ ವಿದ್ಯೆ, ನೆನಪುಗಳೆಲ್ಲ ಅವನೊಳಗೆ ಬರುತ್ತವೆ. ಜನ ಅವನನ್ನು ಫಿಸ್ಟಾಂಡಾಂಟಿಲಸ್ ಎಂದೇ ತಿಳಿಯುತ್ತಾರೆ. ಚರಿತ್ರೆಯಲ್ಲಿ ಫಿಸ್ಟಾಂಡಾಂಟಿಲಸ್ ಏನೇನು ಮಾಡಿದನೆಂದು ದಾಖಲಾಗಿದೆಯೋ ಅದನ್ನೇ ತಾನೂ ಒಂದೊಂದಾಗಿ ಮಾಡುತ್ತಿರುವುದು ಅವನ ಅರಿವಿಗೆ ಬರುತ್ತದೆ. ಕೊಂದವನು ಯಾರು, ಉಳಿದವನು ಯಾರು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಮೂರು ಸಂಪುಟಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ ಇದು. ಶೋಷಕನನ್ನು ಸೋಲಿಸುವುದು ಬೇರೆ, ಶೋಷಣೆಯ ಉಪಕರಣವನ್ನು ಬಿಟ್ಟುಕೊಡುವುದು ಬೇರೆ ಎಂಬ ವಿವೇಕ ಇಲ್ಲಿದೆ.

೪

ದೈವತ್ವದ ಹಂಬಲ ಮಂತ್ರವಾದಿಗಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ಕೃತಿ ತೋರಿಸುತ್ತದೆ. ಇಸ್ತಾರ್‌ನ ಅರಸನೂ ಆಗಿರುವ ಮಹಾ ಅರ್ಚಕ ಒಳಿತಿನ ಪಕ್ಷದವನು. ಲೋಕದಿಂದ ಕೆಡುಕನ್ನು ಅಳಿಸುವ ಶಕ್ತಿಯನ್ನು ತನಗೆ ಕೊಡಬೇಕೆಂದು ಅವನು ದೇವತೆಗಳನ್ನು ಬೇಡುವುದಿಲ್ಲ, ಅವರಿಗೆ ಆಜ್ಞಾಪಿಸುತ್ತಾನೆ. ಅದಕ್ಕೆ ಉತ್ತರವಾಗಿ ದೇವತೆಗಳು ಬೆಂಕಿಯ ಬೆಟ್ಟವನ್ನು ಇಸ್ತಾರ್‌ನ ಮೇಲೆ ಕೆಡವುತ್ತಾರೆ. ಶುಭ್ರವಸ್ತ್ರದ ಅರ್ಚಕ ಮತ್ತು ಕಪ್ಪು ನಿಲುವಂಗಿಯ ಮಂತ್ರವಾದಿ ಒಂದೇ ನಗರದಲ್ಲಿ, ಒಂದೇ ಹಂಬಲದಿಂದ ಬದುಕುತ್ತಿರುತ್ತಾರೆ. ರೇಸ್ಟ್ಲಿನ್‌ನ ಸಾಹಸಕ್ಕೆ ನೆರವಾಗುವ ಅರ್ಚಕಿ ಕ್ರಿಸೇನಿಯಾಳಲ್ಲೂ ಇದೇ ಮಹತ್ವಾಕಾಂಕ್ಷೆಯ ಎಳೆ ಇದೆ. ಪಾತಾಳದ ಬಾಗಿಲು ತೆರೆಯಲು ಕಪ್ಪು ನಿಲುವಂಗಿಯ ಮಹಾಮಂತ್ರವಾದಿಯ ಜೊತೆಗೆ ಶುದ್ಧ ಶ್ರದ್ಧೆಯ ಅರ್ಚಕಿಯೊಬ್ಬಳೂ ಬೇಕು. ಅವಳು ಪ್ರೀತಿಯಿಂದ, ತಾನು ಅವನನ್ನು ಉದ್ಧರಿಸುತ್ತೇನೆಂಬ ಗರ್ವದಿಂದ ಜೊತೆಗೆ ಹೋಗುತ್ತಾಳೆ. ಅವಳ ಶಕ್ತಿಯೆಲ್ಲ ಖರ್ಚಾಗಿ, ದೃಷ್ಟಿ ಕಳೆದುಕೊಂಡು ಬಿದ್ದಾಗ ರೇಸ್ಟ್ಲಿನ್ ಅವಳನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆಯುತ್ತಾನೆ. ರಕ್ತಶಿಲೆಯಿಲ್ಲದೆಯೂ ಜೀವವನ್ನು ಹೀರಬಹುದು.

ಅವನ ಗುರಿ ತಖೀಸಿಸ್ ಎಂಬ ಅಂಧಕಾರದ ರಾಣಿಯನ್ನು ಸೋಲಿಸಿ ಅವಳ ಸ್ಥಾನವನ್ನು ಪಡೆಯುವುದು. ಇಂಥ ಕಥೆಗಳಲ್ಲಿ ದುರಾಸೆಯ ಮಂತ್ರವಾದಿ ಕೊನೆಯ ಕ್ಷಣದಲ್ಲಿ ಸೋಲಬೇಕು. ಭಸ್ಮಾಸುರನ ಕೈ ಅವನ ತಲೆಯ ಮೇಲೆಯೇ ಬೀಳಬೇಕು. ಆದರೆ ಕೃತಿಕಾರರು ಬೇರೊಂದು ದಾರಿ ಹಿಡಿಯುತ್ತಾರೆ. ಸೋದರ ಕ್ಯಾರಮನ್ ಮತ್ತು ಅವನ ಗೆಳೆಯ ಟ್ಯಾಸಲ್‌ಹಾಫ್ ಕಾಲಯಾನದಲ್ಲಿ ತಪ್ಪಿ ಭವಿಷ್ಯದಲ್ಲಿ ಇಳಿಯುತ್ತಾರೆ. ಅಲ್ಲಿ ರೇಸ್ಟ್ಲಿನ್ ಸೋತಿಲ್ಲ, ಗೆದ್ದಿದ್ದಾನೆ. ತಖೀಸಿಸ್‌ಳನ್ನು ಮಾತ್ರವಲ್ಲ, ಉಳಿದ ದೇವತೆಗಳನ್ನೂ ಗೆದ್ದಿದ್ದಾನೆ. ಲೋಕದಲ್ಲಿ ಕೆಸರು, ಬೂದಿ, ಸುಟ್ಟ ಮರದ ಬುಡಗಳು ಬಿಟ್ಟರೆ ಏನೂ ಉಳಿದಿಲ್ಲ. ದೇವರಾದವನು ಒಬ್ಬನೇ ಇದ್ದಾನೆ. ಅವನಿಗೆ ಎಲ್ಲ ಶಕ್ತಿಯೂ ಇದೆ; ಸೃಷ್ಟಿಸುವ ಶಕ್ತಿಯೊಂದಿಲ್ಲ. ಲೋಕದ ಚರಿತ್ರೆಯನ್ನು ದಾಖಲಿಸುತ್ತಾ ಬಂದ ಆಸ್ಟಿನಸ್ ತನ್ನ ಕೊನೆಯ ಗ್ರಂಥದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಆ ಗ್ರಂಥವನ್ನು ಹಿಡಿದು ಕ್ಯಾರಮನ್ ಹಿಂದಿರುಗುತ್ತಾನೆ. ಪಾತಾಳದಲ್ಲಿ ಸೋದರನನ್ನು ಕಂಡು, ಅವನ ಗೆಲುವು ಎಂಥದ್ದೆಂದು ತಿಳಿಸುತ್ತಾನೆ.

ರೇಸ್ಟ್ಲಿನ್‌ನನ್ನು ತಡೆಯುವುದು ಕತ್ತಿಯಲ್ಲ, ಶಾಪವಲ್ಲ. ಒಬ್ಬ ಚರಿತ್ರಕಾರನ ಪುಟಗಳು. ಸಂಶೋಧಕರಾದ ನಮಗೆ ಇದಕ್ಕಿಂತ ದೊಡ್ಡ ಗೌರವ ಯಾವ ಫ್ಯಾಂಟಸಿಯಿಂದ ಸಿಕ್ಕೀತು! ತನ್ನ ಸೋಲನ್ನು ಓದಿದ್ದರೆ ಅವನು ಇನ್ನಷ್ಟು ಹೋರಾಡುತ್ತಿದ್ದನೇನೋ. ಅವನು ಓದಿದ್ದು ತನ್ನ ಗೆಲುವನ್ನು. ಕದ್ದ ಜೀವಗಳಿಂದ ಆದ ದೇವರಿಗೆ ಕೊಡಲು ತನ್ನದೆಂಬುದು ಏನೂ ಇರುವುದಿಲ್ಲ, ಕೊಡಲಾರದವನು ಸೃಷ್ಟಿಸಲಾರ. ಈ ಸತ್ಯವನ್ನು ಕಂಡ ಮೇಲೆ ರೇಸ್ಟ್ಲಿನ್ ತನ್ನ ಮಾಂತ್ರಿಕ ದಂಡವನ್ನು ಕ್ಯಾರಮನ್‌ನ ಕೈಗಿತ್ತು, ಕ್ರಿಸೇನಿಯಾಳೊಂದಿಗೆ ಅವನನ್ನು ಬಾಗಿಲಾಚೆ ಕಳಿಸಿ, ತಾನು ತಖೀಸಿಸ್‌ಳ ಕೈಗೆ ಸಿಕ್ಕಿಕೊಂಡು ಹಿಂದೆ ಉಳಿಯುತ್ತಾನೆ. ಸೋದರನ ಮೇಲೆ ಗೆಲುವು ಕೈಯಲ್ಲಿದ್ದಾಗಲೇ ಅದನ್ನು ಬಿಟ್ಟು ನಡೆದ ಬಾಹುಬಲಿಯನ್ನು ಇಲ್ಲಿ ನೆನೆಯಬಹುದು. ಬಾಹುಬಲಿಯ ತ್ಯಾಗ ಅವನನ್ನು ಕೇವಲಜ್ಞಾನದ ಕಡೆಗೆ ಒಯ್ಯುತ್ತದೆ. ರೇಸ್ಟ್ಲಿನ್‌ಗೆ ಅಂಥ ಬಿಡುಗಡೆಯಿಲ್ಲ, ಕನಸಿಲ್ಲದ ನಿದ್ದೆಯೊಂದು ಮಾತ್ರ ದೊರೆಯುತ್ತದೆ. ಆದರೂ ಅವನು ತನ್ನದೆಂದು ಏನನ್ನಾದರೂ ಕೊಟ್ಟದ್ದು ಆ ಕ್ಷಣದಲ್ಲಿ ಮಾತ್ರ. ದೈವತ್ವದ ಹತ್ತಿರಕ್ಕೆ ಅವನು ಬಂದದ್ದೂ ಆಗಲೇ ಎಂದು ನನ್ನ ಗ್ರಹಿಕೆ.

೫

ಈ ಕೃತಿಗಳ ಮಿತಿಗಳನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. ಒಳಿತು, ಕೆಡುಕು, ತಟಸ್ಥತೆ ಎಂಬ ಮೂರು ಬಣ್ಣದ ನಿಲುವಂಗಿಗಳಲ್ಲಿ ಲೋಕವನ್ನು ಹಂಚುವ ಕ್ರಮ ಆಟದ ನಿಯಮಗಳಿಂದ ಬಂದದ್ದು. ಅದು ಹಲವೆಡೆ ಪಾತ್ರಗಳನ್ನು ಕಟ್ಟಿಹಾಕುತ್ತದೆ. ಕ್ರಿಸೇನಿಯಾಳ ದುರಂತವನ್ನು ಅವಳ ಗರ್ವಕ್ಕೆ ಸಂದ ಪಾಠವೆಂಬಂತೆ ಚಿತ್ರಿಸಿರುವುದು ಆಕ್ಷೇಪಾರ್ಹ. ಅದಕ್ಕಿಂತ ಮುಖ್ಯವಾಗಿ, ಓದುಗರು ಬಯಸಿದರೆಂದೋ ಮಾರುಕಟ್ಟೆ ಬಯಸಿತೆಂದೋ 1995ರ ‘ಡ್ರ್ಯಾಗನ್ಸ್ ಆಫ್ ಸಮ್ಮರ್ ಫ್ಲೇಮ್’ ಕಾದಂಬರಿಯಲ್ಲಿ ರೇಸ್ಟ್ಲಿನ್‌ನನ್ನು ನಿದ್ದೆಯಿಂದ ಎಬ್ಬಿಸಿ ಮರಳಿ ತರಲಾಯಿತು. ತ್ಯಾಗಕ್ಕೆ ತೆತ್ತ ಬೆಲೆಯನ್ನು ಹೀಗೆ ಹಿಂದಕ್ಕೆ ಪಡೆದಾಗ ತ್ಯಾಗದ ತೂಕ ತಗ್ಗುತ್ತದೆ. ಪಾತ್ರದ ಜೀವವನ್ನು ಹೀರಿ ತನ್ನ ಆಯುಸ್ಸನ್ನು ಹೆಚ್ಚಿಸಿಕೊಳ್ಳುವ ರಕ್ತಶಿಲೆ ಪ್ರಕಾಶನೋದ್ಯಮದ ಬಳಿಯೂ ಇದೆ.

ಹಿಕ್‌ಮನ್ ಅವರು ಮಾರ್ಮನ್ ಪಂಥಕ್ಕೆ ಸೇರಿದವರು. ಮನುಷ್ಯ ದೈವತ್ವದ ಕಡೆಗೆ ಬೆಳೆಯಬಲ್ಲನೆಂಬ ನಂಬಿಕೆ ಆ ಪಂಥದಲ್ಲಿದೆ. ಆದ್ದರಿಂದ ಈ ಕಥೆಯನ್ನು ‘ಮನುಷ್ಯ ತನ್ನ ಮಿತಿಯನ್ನು ಮೀರಬಾರದು’ ಎಂಬ ಸರಳ ನೀತಿಯಾಗಿ ಓದುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಇಲ್ಲಿ ಖಂಡಿತವಾಗಿರುವುದು ಏರುವ ಬಯಕೆಯಲ್ಲ, ಏರಲು ಹಿಡಿದ ಏಣಿ.

೬

ಕೊನೆಯದಾಗಿ, ಈ ಕಥೆ ನಮ್ಮ ವಿದ್ಯಾವಲಯಕ್ಕೆ ಏಕೆ ಬೇಕು ಎಂಬ ಮಾತು. ನನ್ನ ಪರಿಚಯದ ಸಂಶೋಧನಾರ್ಥಿಯೊಬ್ಬರು ಎರಡು ವರ್ಷ ಊರೂರು ಅಲೆದು ಸಂಗ್ರಹಿಸಿದ ಕಥನಗೀತೆಗಳು ಬೇರೊಬ್ಬರ ಹೆಸರಿನ ಪುಸ್ತಕದಲ್ಲಿ ಅಚ್ಚಾದವು. ಅರಿಕೆಯ ಕೊನೆಯಲ್ಲಿ ‘ಸಾಮಗ್ರಿ ಸಂಗ್ರಹದಲ್ಲಿ ನೆರವಾದ’ ಎಂಬ ಒಂದು ಸಾಲು ಮಾತ್ರ ಅವರ ಪಾಲಿಗೆ ಬಂತು. ಆ ಪುಸ್ತಕವನ್ನು ನೋಡಿದ ದಿನ ನನಗೆ ನೆನಪಾದದ್ದು ಶಿಷ್ಯನ ಎದೆಗೆ ಒತ್ತಿದ ಆ ಕಲ್ಲು. ನಮ್ಮಲ್ಲಿ ಎಷ್ಟೋ ಗುರುಗಳು ತಮ್ಮ ಟಿಪ್ಪಣಿಗಳನ್ನೇ ಶಿಷ್ಯರ ಕೈಗಿತ್ತು ಬೆಳೆಸಿದ್ದಾರೆ. ಅಂಥವರಿಂದಲೇ ಕನ್ನಡ ಸಂಶೋಧನೆ ಇಷ್ಟು ದೂರ ಬಂದಿದೆ. ಆದರೆ ಇನ್ನೊಂದು ಬಗೆಯೂ ಇದೆಯೆಂಬುದನ್ನು ನಾವು ಪಿಸುಮಾತಿನಲ್ಲಲ್ಲದೆ ಬೇರೆಡೆ ಆಡುವುದಿಲ್ಲ.

ಈ ಸಿಟ್ಟಿನಲ್ಲಿ ಬರೆಯಲು ಕುಳಿತಾಗ ಕೃತಿ ನನ್ನನ್ನು ಮತ್ತೊಂದು ಪ್ರಶ್ನೆಗೆ ದೂಡಿತು. ಕಲ್ಲು ಈಗ ಯಾರ ಕೊರಳಲ್ಲಿದೆ? ನನ್ನ ಮಹಾಪ್ರಬಂಧದ ಕರಡನ್ನು ತೆರೆದು ನೋಡಿದೆ. ಇಡೀ ಮೂರನೆಯ ಅಧ್ಯಾಯಕ್ಕೆ ಆಧಾರವಾದ ಹಾಡುಗಳನ್ನು ಮೂರು ಸಂಜೆ ಕುಳಿತು ಹಾಡಿಕೊಟ್ಟ ಅಜ್ಜಿಯ ಹೆಸರು ಅಧ್ಯಾಯದಲ್ಲಿ ಎಲ್ಲಿಯೂ ಇರಲಿಲ್ಲ. ಅನುಬಂಧದಲ್ಲಿ, ವಕ್ತೃಗಳ ಪಟ್ಟಿಯಲ್ಲಿ, ಹದಿನಾಲ್ಕನೆಯ ಕ್ರಮಸಂಖ್ಯೆಯ ಮುಂದೆ ಇತ್ತು. ಆಕೆಯ ಹೆಸರನ್ನು ಈಗ ಅಧ್ಯಾಯದ ಮೊದಲ ವಾಕ್ಯಕ್ಕೆ ತಂದಿದ್ದೇನೆ. ಇದು ದೊಡ್ಡ ಕೆಲಸವೇನಲ್ಲ. ಆದರೆ ಮಕ್ಕಳು ಓದಿ ಬಿಸಾಡುತ್ತಾರೆಂದು ನಾವು ತಿಳಿದ ಪುಸ್ತಕವೊಂದು ಅದನ್ನು ಮಾಡಿಸಿತು. ಅಂದಿನ ವಿಚಾರಗೋಷ್ಠಿಯಲ್ಲಿ ಹಿರಿಯರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.